ತಾಮ್ರದ ಹೊಲಿಗೆ

ತಾಳವಾಡಿ
10–3–2008, ಸೋಮವಾರ

ಅಕ್ಕ ಗುರುಲಿಂಗಮ್ಮನಿಗೆ, ನಿನ್ನ ಬೆನ್ನಿಗೆ ಹುಟ್ಟಿದ ಸೋಮಶೇಖರನ ಶರಣು.

ಈ ಕಾಗದವನ್ನು ಮಗಳು ದಿವ್ಯಳ ಕೈಲಿ ಓದಿಸಬೇಡ. ಕನ್ನಡಕ ಹುಡುಕಿಕೊಂಡು ನೀನೇ ಓದು. ಅರ್ಧಕ್ಕೇ ನನ್ನನ್ನು ಬೈಯಲು ಬಸ್ಸು ಹತ್ತಬೇಡ. ಬೈಯುವುದು ಕೊನೆಯಲ್ಲಿ ಇನ್ನೂ ಇದೆ.

ಬರುವ ಸೋಮವಾರ ದಿವ್ಯಳ ವೀಳ್ಯಶಾಸ್ತ್ರ. ಭಾವ ತೀರಿಕೊಂಡ ವರ್ಷದೊಳಗೇ ಮಗಳ ಮದುವೆ ಆಗಬೇಕು, ಹೊರಗಿನ ಗಂಡು ಬೇಡ, ನಮ್ಮ ಕಿರಿಯ ತಮ್ಮ ಮನೋಹರನಿಗೇ ಕೊಡುವುದೆಂದು ಹಟ ಹಿಡಿದಿದ್ದೀಯ. ಸೋದರಮಾವನಿಗಿಂತ ನಂಬಿಕಸ್ಥ ಯಾರು ಎಂದು ನನ್ನ ಬಾಯಿ ಮುಚ್ಚಿಸಿದೆ. ಅಕ್ಕ, ಈ ಮದುವೆ ನಿಲ್ಲಿಸು.

ಹೋದ ವಾರ ನಾನು ತಿಗನಾರೆಯ ನಿನ್ನ ಮನೆಗೆ ಬಂದಾಗ ನೀನು ಭಾವನ ಪೆಟ್ಟಿಗೆ ತೆಗೆದೆ. ಟಾರ್ಚು, ಎಲೆಅಡಿಕೆಯ ಚೀಲ, ಜೊತೆಗೆ ಅಂಗೈಯಗಲದ ಒಂದು ಹಸಿರು ಪ್ಲಾಸ್ಟಿಕ್ ಚೂರು. ಅವರ ಕಂಬಳಿಯ ಮಡಿಕೆಯಲ್ಲಿ ಸಿಕ್ಕಿತ್ತು, ಯಾತರದ್ದೋ ಗೊತ್ತಿಲ್ಲ, ಅವರ ಮೈಮೇಲಿದ್ದದ್ದೆಂದು ಇಟ್ಟುಕೊಂಡಿದ್ದೇನೆ ಎಂದೆ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಕಾಫಿಯನ್ನೂ ಕುಡಿಯದೆ ಎದ್ದುಬಂದದ್ದು ಅದಕ್ಕೇ.

ಅದು ಮನೋಹರನ ಸ್ಕೂಟರಿನ ಮುಂದಿನ ಬಾಡಿಯ ಚೂರು. ಒಳಮೈ ತಿರುಗಿಸಿ ನೋಡು, ಎರಡು ತಾಮ್ರದ ತಂತಿಗಳಿವೆ. ಭಾವ ತೀರಿಕೊಳ್ಳುವುದಕ್ಕೂ ಹಿಂದೊಮ್ಮೆ ಆ ಬಾಡಿ ಬಿರುಕು ಬಿಟ್ಟಿದ್ದಾಗ ನಾನೇ ಹಾಕಿದ ಹೊಲಿಗೆ. ಹೊಸ ಬಾಡಿ ಸತ್ಯಮಂಗಲದಿಂದ ಘಟ್ಟ ಹತ್ತಿ ಬರಲು ಹತ್ತು ದಿನ ಬೇಕು, ಹಾಗಾಗಿ ಒಡೆದದ್ದೆಲ್ಲ ನನ್ನ ಅಂಗಡಿಗೇ ಬರುತ್ತದೆ. ಕಾಯಿಸಿದ ತಂತಿಯನ್ನು ಬಿರುಕಿಗೆ ಅಡ್ಡಲಾಗಿ ಒತ್ತಿ, ತುದಿ ಮಡಚಿ, ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ತುಂಬುತ್ತೇನೆ. ಜಾತಿ ಬೇರೆಯಾದರೆ ಬೆಸುಗೆ ಕೂರುವುದಿಲ್ಲ. ತಂತಿಯ ತುದಿಯನ್ನು ಎಡಕ್ಕೆ ಮಡಚುವ ಎಡಚ ಈ ಬೆಟ್ಟದ ಮೇಲೆ ನಾನೊಬ್ಬನೇ.

ಕಾರ್ತಿಕದ ಆ ಬೆಳಗ್ಗೆ ಭಾವ ಹೊಲದ ಕಾವಲು ಮುಗಿಸಿ ಬರುವಾಗ ರಸ್ತೆಯ ಪಕ್ಕ ಬಿದ್ದಿದ್ದರು. ಹತ್ತಿರದಲ್ಲೇ ಹಸಿ ಲದ್ದಿ ಇತ್ತು. ಆನೆ ತುಳಿಯಿತೆಂದು ಊರೆಲ್ಲ ಹೇಳಿತು, ಬೇರೆ ಯೋಚನೆ ಯಾರಿಗೂ ಬರಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ನೀನು ಅಲ್ಲಿ ಬೆಲ್ಲದಚ್ಚು ಇಟ್ಟು, "ಒಬ್ಬುನ್ನ ತಕ್ಕಂಡೆ ಕಣಪ್ಪ, ಮಿಕ್ಕೋರ್ನ ಬುಟ್ಬುಡು" ಎಂದು ಕಾಡಿಗೆ ಕೈಮುಗಿಯುತ್ತೀಯ. ಆನೆ ಏನೂ ಮಾಡಿಲ್ಲ ಅಕ್ಕ. ಇನ್ನು ಬೆಲ್ಲ ಇಡಬೇಡ.

ಅಂದು ಮನೋಹರ ಸ್ಕೂಟರ್ ತಂದು ನಿಲ್ಲಿಸಿ, "ಕಾಡಂದಿಗೆ ಗುದ್ಬುಟ್ಟೆ ಕಣಣ್ಣ, ಬಿರ್ನೆ ಒಸಿ ಮಾಡ್ಕೊಡು" ಎಂದ. ನಾನು ನಂಬಿದೆ. ಚೂರು ಹೋದ ಕಡೆ ಹಳೆಯ ಬಾಡಿಯೊಂದರ ತುಂಡು ಕೂರಿಸಿ, ಉಜ್ಜಿ, ಹಸಿರು ಬಣ್ಣ ಹೊಡೆದೆ. ಗುರುತೇ ಸಿಗದ ಕೆಲಸ. ಅದೇ ಸ್ಕೂಟರಿನಲ್ಲಿ ಅವನು ನಿನ್ನ ಮನೆಗೆ ತಿಥಿಯ ಸಾಮಾನು ತಂದ.

ಚೂರು ನೋಡಿ ಬಂದ ಮಾರನೆಯ ದಿನ ಅವನನ್ನು ಹಿಡಿದು ಕೇಳಿದೆ. ಅಳುತ್ತಾ ಒಪ್ಪಿಕೊಂಡ. ಮಂಜು ಕವಿದಿತ್ತಂತೆ, ಕರಿ ಕಂಬಳಿ ಹೊದ್ದಿದ್ದ ಭಾವ ಕಾಣಲಿಲ್ಲವಂತೆ. "ಬೇಕೂಂತ ಮಾಡ್ನಿಲ್ಲ ಕಣಣ್ಣ, ಎದ್ರಿ ಓಡ್ಬಂದ್ಬುಟ್ಟೆ" ಎಂದ. ಅದು ನಿಜವೇ ಇರಬಹುದು. ಮದುವೆಗೆ ಒಪ್ಪಿದ್ದು ಮಾಡಿದ ಪಾಪ ಕಳೆದುಕೊಳ್ಳಲಂತೆ. ಅಪ್ಪನನ್ನು ಕಳೆದುಕೊಂಡ ಹುಡುಗಿಯೇ ಬೇಕಿತ್ತೆ ಅದಕ್ಕೆ? ನನಗೆ ಅವನ ಮೇಲೆ ಸಿಟ್ಟೂ ಇದೆ, ಅವನನ್ನು ಎತ್ತಿ ಆಡಿಸಿದ ಈ ಕೈಗಳಿಗೆ ನೋವೂ ಇದೆ.

ಆ ಚೂರನ್ನು ಜೋಪಾನವಾಗಿಡು. ಪೊಲೀಸರ ಹತ್ತಿರ ಹೋಗುವುದಾದರೆ ಹೇಳಿಕಳಿಸು. ಆ ಹೊಲಿಗೆ ನನ್ನದೇ ಎಂದು ನಾನು ಬಂದು ಹೇಳುತ್ತೇನೆ.

ನಿನ್ನ ಹೊಸಿಲು ತುಳಿಯಲು ಮುಖವಿಲ್ಲದ ತಮ್ಮ,
ಸೋಮಶೇಖರ

ಅಕ್ಕ, ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಕಾಡುಹಂದಿಯ ಮಾತು ನಂಬಿದೆ ಎಂದು ಮೇಲೆ ಬರೆದದ್ದು ಸುಳ್ಳು. ಆ ಬೆಳಗ್ಗೆ ಬಿರುಕಿನಲ್ಲಿ ಕರಿ ಕಂಬಳಿಯ ಎಳೆಗಳು ಸಿಕ್ಕಿಕೊಂಡಿದ್ದವು. ಯಾವನೋ ಮನುಷ್ಯನಿಗೆ ಪೆಟ್ಟು ಬಿದ್ದಿದೆ ಎಂದು ಆಗಲೇ ತಿಳಿಯಿತು. ಯಾರು ಎಂದು ಕೇಳಲಿಲ್ಲ; ಆಮೇಲೆ ಊರು ಆನೆ ಎಂದಾಗ ನಾನೂ ಅದನ್ನೇ ಹಿಡಿದುಕೊಂಡೆ. ತಮ್ಮ ಸಿಕ್ಕಿಬೀಳುತ್ತಾನೆಂದು ಎಳೆಗಳನ್ನು ಕಿತ್ತು ಒಲೆಗೆ ಹಾಕಿದೆ. ಆಗ ಗಂಟೆ ಏಳು. ಭಾವ ಸಿಕ್ಕಿದ್ದು ಹತ್ತಕ್ಕೆ. ಅಪ್ಪಿಕೊಂಡಾಗ ಅವರ ಮೈ ಇನ್ನೂ ಬೆಚ್ಚಗಿತ್ತು ಎಂದು ನೀನೇ ಹೇಳಿದ್ದೆ.