ತತ್ತಿ ಒಡೆಯುವ ಕೈ

ಬ್ಯಾಡಗಿ
ಫೆಬ್ರುವರಿ, ೧೯೪೭

ನಲಿನಿ,

ಚಿರಂಜೀವಿ ಸೌಭಾಗ್ಯವತಿ ತಂಗಿಗೆ ಅಕ್ಕ ಮಾಡುವ ಆಶೀರ್ವಾದಗಳು ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಅಪ್ಪ ನಮಗಿಬ್ಬರಿಗೂ ಕಲಿಸಿದ್ದರು. ಆ ಸಾಲನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಕೊನೆಗೆ ಮನಸ್ಸು ಬಂದರೆ ಬರೆಯುತ್ತೇನೆ.

ನಿನ್ನ ಚೀಟಿಯನ್ನು ಕುಳ್ಳು ಮಾರುವ ಸೈದಾಬಿ ತಂದು ಕೊಟ್ಟಳು. ಸುಮಾರು ಮೂರು ವರ್ಷಗಳಲ್ಲಿ ನೀನು ಬರೆದ ಮೊದಲ ಕಾಗದ, ಅದೂ ಅಂಗೈಯಷ್ಟು. ಅಕ್ಕ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಕೇಳಿಲ್ಲ. ಮಗಳು ಗೋದೂಗೆ ವಿಷಮಜ್ವರ ಬಂದು ಹೋಗಿದೆ, ಗಂಜಿಯನ್ನೂ ಉಗುಳುತ್ತಾಳೆ, 'ಮೌಶಿ ಮಾಡೋ ಹಿಟ್ಟಿನ ಬಳಿ ಬೇಕು' ಎಂದು ಹಟ ಹಿಡಿದಿದ್ದಾಳೆ, ಮಾಡಿ ಸೈದಾಬಿಯ ಕೈಯಲ್ಲಿ ಕಳಿಸು, ಯಾರಿಗೂ ತಿಳಿಯಬಾರದು. ಇಷ್ಟೇ. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ. ನಾನೆಲ್ಲಿ ಮರೆಯುತ್ತೇನೋ ಎಂಬ ಚಿಂತೆ ಇರಬೇಕು.

ನಾಲ್ಕು ತುಂಬುವಾಗ ಬಿಟ್ಟು ಬಂದ ಕೂಸಿಗೆ ಈ ಮೌಶಿಯ ಕೈರುಚಿ ಇನ್ನೂ ನೆನಪಿದೆ. ನಿನಗೆ ಏನೇನು ನೆನಪಿದೆಯೋ ಗೊತ್ತಿಲ್ಲ, ಅದಕ್ಕೇ ನಾನೇ ಬರೆಯುತ್ತೇನೆ.

ನಲವತ್ಮೂರನೆಯ ಇಸವಿಯ ಶ್ರಾವಣ. ಗೋದೂಗೆ ಮೂರು ತುಂಬಿದ್ದರೂ ಗೋಡೆ ಹಿಡಿಯದೆ ನಡೆಯಲು ಬರುತ್ತಿರಲಿಲ್ಲ. ನಾವಿಬ್ಬರೂ ಆಕೆಯನ್ನು ಎತ್ತಿಕೊಂಡು ರಾಣೆಬೆನ್ನೂರಿನ ದವಾಖಾನೆಗೆ ಹೋಗಿದ್ದೆವು. ನಿನ್ನ ಗಂಡ ಕೃಷ್ಣಾಜಿರಾಯರು ಕೋರ್ಟಿಗೆ ಹೋಗಿದ್ದರು. ಡಾಕ್ಟರು ಕಾಲು ಮುಟ್ಟಿ ನೋಡಿ, ನಿನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದರು: 'ನಿಮ್ಮ ಮನಿತನ ನನಗ ಗೊತ್ತದರಿ ಅವ್ವಾರ. ಆದರೂ ಹೇಳ್ತೀನಿ. ದಿನಾ ಒಂದು ಕೋಳಿ ತತ್ತಿ ಹೊಟ್ಟಿಗೆ ಹೋಗ್ಲಿ. ಇಲ್ಲಾಂದ್ರ ಈ ಕೂಸು ಕೈಗೆ ಹತ್ತೂದಿಲ್ಲ.' ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟದ ಮನೆ ನಿನ್ನದು. ದವಾಖಾನೆಯ ಮೆಟ್ಟಿಲ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತೆ: 'ಅಕ್ಕಾ, ನೀ ಏನರೆ ಮಾಡು. ಹೆಂಗರೆ ಮಾಡು. ನಂಗಿರೂದು ಒಂದೇ ಕೂಸು.'

ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಂಗಿಯ ಮನೆಯ ಅಡುಗೆ ಒಲೆಯ ಮುಂದೆ ಕುಳಿತವಳು ನಾನು. ನನ್ನ ಕೈಯನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಹಿಡಿದ ಕೂಡಲೇ ಕರಗಿಬಿಟ್ಟೆ. ಅದೇ ನನ್ನ ದಡ್ಡತನ.

ಮೊದಲು ತತ್ತಿಯನ್ನು ಹಾಲಿಗೆ ಕದಡಿ ಕುಡಿಸಿದೆವು. ಮೂರು ದಿನ ಕುಡಿಸಿದ್ದೆಲ್ಲ ಕಕ್ಕಿದಳು. ನಮ್ಮ ಹಿತ್ತಲಿಗೆ ಸಗಣಿಯ ಕುಳ್ಳು ಮಾರಲು ಬರುತ್ತಿದ್ದ ಸೈದಾಬಿಯೇ ದಾರಿ ತೋರಿಸಿದ್ದು. ಆಕೆ ಹತ್ತಿ ಗಿರಣಿಯ ಬಂಗಲೆಗೆ ತತ್ತಿ ಕೊಡುತ್ತಿದ್ದಳು. ಅಲ್ಲಿ ಯಂತ್ರ ನೋಡಿಕೊಳ್ಳುವ ಸಾಹೇಬನ ಹೆಂಡತಿ ಹನ್ನಾಬಾಯಿ ಇದ್ದಳು. ಪೋಲಂಡ್ ದೇಶದ ಯಹೂದಿಗಳು, ಜರ್ಮನರಿಗೆ ಹೆದರಿ ಓಡಿ ಬಂದವರು. ಮಠದಲ್ಲಿ ಪುರಾಣ ಕೇಳಿ ಬರುತ್ತೇನೆಂದು ನಿನ್ನ ಅತ್ತೆಗೆ ಹೇಳಿ ನಾನು ಆ ಬಂಗಲೆಗೆ ಹೋದೆ. ಹನ್ನಾಬಾಯಿ ಕನ್ನಡ ಕಲಿತದ್ದು ಸೈದಾಬಿಯಿಂದ. ಹೀಗಾಗಿ ಸಾಹೇಬನಿಗೂ, ನಾಯಿಗೂ, ನನಗೂ ಒಂದೇ ಮಾತು: 'ಬಾ, ಕುಂದ್ರು, ಕೈ ತೊಳಿ.' ತತ್ತಿ ಹಾಕಿ ನಾದಿದ ಹಿಟ್ಟು ಹೊಸೆದು ಬೆರಳಿಗೆ ಸುತ್ತಿ ಬಳೆ ಮಾಡಿ ಬೇಗಲ್ ಎಂದಳು. ನಾನು ಕೋಡಬಳಿ ಎಂದೆ. ಅದನ್ನು ಎಣ್ಣೆಯಲ್ಲಿ ಬಿಡದೆ ಕುದಿಯುವ ನೀರಿನಲ್ಲಿ ಬಿಟ್ಟಾಗ ಈಕೆಗೆ ತಲೆ ಕೆಟ್ಟಿದೆ ಅನ್ನಿಸಿತು. ನೀರಿನಿಂದ ತೆಗೆದು ತಗಡಿನ ಡಬ್ಬಿಯಲ್ಲಿಟ್ಟು ಕೆಂಡದ ನಡುವೆ ಸುಟ್ಟಳು. ಹೊರಗೆ ಹೊಂಬಣ್ಣ, ಒಳಗೆ ಹತ್ತಿಯಂತೆ ಮೆತ್ತಗೆ, ತತ್ತಿಯ ವಾಸನೆಯೇ ಇಲ್ಲ. ಗೋದೂ ಮೊದಲ ದಿನ ಅರ್ಧ ತಿಂದಳು. ಎಂಟು ದಿನಕ್ಕೆ ಎರಡು. ದೀಪಾವಳಿಗೆ ಅಂಗಳದಲ್ಲಿ ಓಡಿದಳು. ನೀನು ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದೆ, ಕಣ್ಣು ಒರೆಸಿಕೊಳ್ಳುವುದೂ ನೆನಪಿರಲಿಲ್ಲ ನಿನಗೆ.

ಆಮೇಲೆ ಒಂಬತ್ತು ತಿಂಗಳು ಆ ಕೆಲಸವನ್ನು ನಾವಿಬ್ಬರೂ ಕೂಡಿಯೇ ಮಾಡಿದೆವು. ಇದನ್ನು ಚೆನ್ನಾಗಿ ನೆನಪು ಮಾಡಿಕೋ. ಸೈದಾಬಿ ಕುಳ್ಳಿನ ಬುಟ್ಟಿಯ ತಳದಲ್ಲಿ ತತ್ತಿ ಇಟ್ಟು ತರುತ್ತಿದ್ದಳು. ಅತ್ತೆ ಮಲಗಿದ್ದಾರೋ ಇಲ್ಲವೋ ಎಂದು ಇಣುಕಿ ನೋಡಿ ಕೈಸನ್ನೆ ಮಾಡುತ್ತಿದ್ದವಳು ನೀನು. ಒಡೆಯುತ್ತಿದ್ದವಳು ನಾನು. 'ನಂಗ ಮುಟ್ಟಲಿಕ್ಕೆ ಆಗೂದಿಲ್ಲ ಅಕ್ಕಾ, ಹೊಟ್ಟಿ ತೊಳಸ್ತದ' ಎನ್ನುತ್ತಿದ್ದೆ. ಸಿಪ್ಪೆಯನ್ನು ಮಾತ್ರ ಎಲೆಯಲ್ಲಿ ಸುತ್ತಿ ಕರಿಬೇವಿನ ಬುಡದಲ್ಲಿ ಹೂಳುತ್ತಿದ್ದೆ. ಆ ವರ್ಷ ಗಿಡ ಹೇಗೆ ಚಿಗುರಿತ್ತು! ನಿನ್ನ ಅತ್ತೆ ಅದರ ಸೊಪ್ಪಿನ ಒಗ್ಗರಣೆ ಹಾಕಿ, ನಮ್ಮ ಹಿತ್ತಲದ ಮಣ್ಣಿನ ಗುಣ ಎಂದು ನೆರೆಯವರಿಗೆ ಹೇಳಿಕೊಳ್ಳುತ್ತಿದ್ದರು.

ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ. 'ಮಥುರಾ, ಹಿಟ್ಟು ನೀರಾಗ ನಾದೀಯೋ, ಹಾಲಾಗೋ?' ನೀರಿನಲ್ಲಿ ನಾದಿದರೆ ಮುಸುರೆ, ಹಾಲಿನಲ್ಲಿ ನಾದಿದರೆ ದೇವರಿಗೂ ನಡೆಯುತ್ತದೆ ಎನ್ನುವುದು ಅವರ ಲೆಕ್ಕ. 'ಹಾಲಾಗರಿ' ಎಂದೆ. ಅದು ಖರೆಯೇ ಆಗಿತ್ತು, ಆಮೇಲೆ ನೀರಿನಲ್ಲಿ ಕುದಿಸುವುದನ್ನು ಅವರು ಕೇಳಲಿಲ್ಲ. ಹಳದಿ ಬಣ್ಣವನ್ನು ಕೇಸರಿ ಎಂದುಕೊಂಡರು. ತಲೆ ಬೋಳಿಸಿದ ವಿಧವೆ ಮಾಡಿದ್ದು ಮಡಿಯಲ್ಲದೆ ಮತ್ತೇನಾದೀತು? ಅಂಥ ಮನೆಯಲ್ಲಿ ತತ್ತಿ ಎಂಬ ಮಾತು ಅವರ ತಲೆಯೊಳಗೆ ಸುಳಿಯುವುದೂ ಸಾಧ್ಯವಿರಲಿಲ್ಲ. ಮುಸುರೆಯೊಂದನ್ನು ಕೇಳಿಬಿಟ್ಟರೆ ಎಲ್ಲವನ್ನೂ ಕೇಳಿದಂತೆ ಎಂದು ಅವರು ನಂಬಿದ್ದರು, ಅದನ್ನೇ ನಂಬಿ ನಾವೂ ನಿಶ್ಚಿಂತರಾಗಿದ್ದೆವು.

ಗೋದೂಗೆ ನಾಲ್ಕು ತುಂಬುವ ಹುಟ್ಟುಹಬ್ಬದ ದಿನ ಮುಂಜಾನೆ ನಾನು ನೀರು ಸೇದಿ ಒಳಗೆ ಬಂದರೆ, ನಿನ್ನ ಅತ್ತೆ ಬೆಳ್ಳಿಯ ತಟ್ಟೆ ಹಿಡಿದು ದೇವರ ಕೋಣೆಯ ಹೊಸ್ತಿಲಲ್ಲಿದ್ದರು. ತಟ್ಟೆಯಲ್ಲಿ ಆರು ಬಳೆ, ಮೇಲೆ ತುಳಸಿಯ ದಳ. 'ಕೂಸಿಗೆ ಇದರಿಂದನ ಜೀವ ಬಂದದ. ಮೊದಲ ದೇವರಿಗೆ ತೋರಸ್ತೀನಿ, ಆಮ್ಯಾಲೆ ಎಲ್ಲಾರೂ ಪ್ರಸಾದ ತಗೊಳ್ಳೋಣು' ಎಂದರು. ಕೃಷ್ಣಾಜಿರಾಯರು ಮಣೆಯ ಮೇಲೆ ಕುಳಿತು ಗಂಧ ತೇಯುತ್ತಿದ್ದರು. ನೀನು ಗೋದೂಗೆ ಹೆರಳು ಹಾಕುತ್ತಿದ್ದೆ. ನಿನ್ನ ಮುಖ ನೋಡಿದೆ. ನೀನು ಬಾಚಣಿಗೆಯನ್ನು ನೋಡಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ದೇವರಿಗೇನೂ ಹೊಟ್ಟೆನೋವು ಬರುತ್ತಿರಲಿಲ್ಲ. ಆದರೆ ಆ ಮುದುಕಿ ನನ್ನನ್ನು ಎಷ್ಟೇ ಗೋಳುಹೊಯ್ದುಕೊಂಡಿದ್ದರೂ, ಹಲ್ಲಿಲ್ಲದ ಬಾಯಿಗೆ ಅದನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳುವುದನ್ನು ನಿಂತು ನೋಡುವುದು ನನ್ನಿಂದ ಆಗಲಿಲ್ಲ. ಕೂಸಿಗೆ ಔಷಧಿ ಕೊಡುವುದು ಬೇರೆ, ನಂಬಿದವರಿಗೆ ಮೋಸ ಮಾಡಿ ತಿನ್ನಿಸುವುದು ಬೇರೆ. 'ಅತ್ಯಾ, ನೈವೇದ್ಯಕ್ಕ ಬ್ಯಾಡ್ರಿ. ಅದರಾಗ ತತ್ತಿ ಅದ' ಎಂದೆ.

ತಟ್ಟೆ ಬಿದ್ದ ಸಪ್ಪಳ ಮುಗಿಯುವ ಮೊದಲೇ ನಿನ್ನ ಮಾತು ಬಂತು. 'ನಂಗೇನೂ ಗೊತ್ತಿರಲಿಲ್ಲರಿ. ಅಕ್ಕ ಅದರಾಗ ಏನ್ ಹಾಕ್ತಾಳ ನಂಗೇನ್ ಗೊತ್ತರಿ?'

ನಲಿನಿ, ಆ ಗಳಿಗೆಯಲ್ಲಿ ನೀನು ಹೆದರಿದೆ. ಒಪ್ಪುತ್ತೇನೆ. ಗಂಡ ತವರಿಗೆ ಅಟ್ಟಿಬಿಟ್ಟರೆ, ಕೂಸನ್ನು ಕಸಿದುಕೊಂಡರೆ ಎಂದು ಅನ್ನಿಸಿರಬೇಕು. ಆದರೆ ಮರುದಿನ? ವಾರದ ಮೇಲೆ? ನಿನ್ನ ಗಂಡ ನನಗೆ 'ಈ ಹೊಸ್ತಿಲಾ ಇನ್ನ ನೀವು ತುಳೀಬ್ಯಾಡ್ರಿ' ಎಂದಾಗ ಗೋದೂ ನನ್ನ ಸೆರಗು ಹಿಡಿದು ಅಳುತ್ತಿದ್ದಳು. ಬಂದು ಆಕೆಯ ಬೆರಳು ಒಂದೊಂದೇ ಬಿಡಿಸಿದವಳು ನೀನು. ನನ್ನ ಮುಖಕ್ಕೆ ಮುಖ ಕೊಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುವುದನ್ನು ಕೇಳಿದ್ದೆ, ಅವತ್ತು ಕಂಡೆ.

ಮನೆ ಶುದ್ಧಿ ಮಾಡಿಸಿದಿರಂತೆ. ಗೋದೂಗೆ ಪಂಚಗವ್ಯ ಕುಡಿಸಿದಿರಂತೆ. ಅವಳ ಕಾಲಿಗೆ ಬಂದ ಬಲವನ್ನು ಮಾತ್ರ ಯಾರೂ ತಿರುಗಿ ತೆಗೆಯಲಿಲ್ಲ ನೋಡು.

ಹಾವೇರಿಯಲ್ಲಿ ಅಣ್ಣಾಜಿಯ ಮನೆಗೆ ಹೋದೆ. ಒಡಹುಟ್ಟಿದ ಅಣ್ಣ ಬಾಗಿಲ ಸಂದಿಯಿಂದಲೇ ಮಾತಾಡಿದ: 'ನಲಿನಿ ಎಲ್ಲಾ ಬರದಾಳ. ಪ್ರಾಯಶ್ಚಿತ್ತ ಮಾಡಿಕೊಂಡು ಬಾ, ಆಮ್ಯಾಲೆ ನೋಡೋಣು.' ನನಗಿಂತ ಮೊದಲೇ ನಿನ್ನ ಕಾಗದ ಅಲ್ಲಿಗೆ ತಲುಪಿತ್ತು. ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು. ಆದರೆ ಮೊದಲ ಕಲ್ಲನ್ನು ನೀನೇ ಆರಿಸಿ ಕೊಟ್ಟಿದ್ದೆ. ಯಾವ ಪಾಪಕ್ಕೆ ಪ್ರಾಯಶ್ಚಿತ್ತ ಎಂದು ಕೇಳಿದೆ. ಬಾಗಿಲು ಹಾಕಿಕೊಂಡ.

ಕೊನೆಗೆ ನನ್ನನ್ನು ಬ್ಯಾಡಗಿಯ ರೈಲು ಹತ್ತಿಸಿದ್ದು ಕುಳ್ಳು ಮಾರುವ ಸೈದಾಬಿ. ಇಲ್ಲಿ ಆಕೆಗೆ ಗೊತ್ತಿದ್ದ ಮುತ್ತವ್ವ ಎಂಬ ಒಂಟಿ ಮುದುಕಿ ಇದ್ದಳು. ನನ್ನ ತಲೆ, ನನ್ನ ಸೀರೆ ಒಮ್ಮೆ ನೋಡಿದಳು. 'ರೊಟ್ಟಿ ಬಡಿಯಾಕ ಬರತೈತೇನವ್ವಾ? ಬರದಿದ್ರ ಕಲಿಸ್ತೇನಿ, ಒಳಗ ಬಾ' ಎಂದಳು. ಅವಳ ಜೊತೆ ಮೆಣಸಿನಕಾಯಿ ಅಂಗಡಿಗೆ ಹೋಗಿ ದಿನವಿಡೀ ತೊಟ್ಟು ಬಿಡಿಸುತ್ತೇನೆ. ಮೊದಲ ತಿಂಗಳು ಬೆರಳು ಉರಿದು ಅನ್ನ ಕಲಸಲು ಆಗುತ್ತಿರಲಿಲ್ಲ. ಈಗ ಉರಿಯುವುದಿಲ್ಲ, ತೊಗಲು ಗಟ್ಟಿಯಾಗಿದೆ. ಕೂದಲು ಬಿಟ್ಟಿದ್ದೇನೆ, ಭುಜ ಮುಟ್ಟುತ್ತದೆ. ಬಿಳಿಯ ಸೀರೆ ಉಡುತ್ತೇನೆ. ಇದನ್ನೂ ನಿನ್ನ ಅತ್ತೆಗೆ ಹೇಳು.

ಹನ್ನಾಬಾಯಿ ಹೋದ ವರ್ಷ ದೇಶ ಬಿಟ್ಟಳು. ಹೋಗುವ ಮೊದಲು ಇಲ್ಲಿಗೆ ಬಂದು ಹಿಟ್ಟು ಉಬ್ಬಿಸಲು ಬೆರೆಸುವ ತನ್ನ ಹುಳಿಹಿಟ್ಟಿನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳು. ಆಕೆಗೂ ಪೋಲಂಡಿನಲ್ಲಿ ಒಬ್ಬಳು ತಂಗಿ ಇದ್ದಳು. ಹನ್ನಾಬಾಯಿ ಅವಳಿಗೆ ಬರೆದ ಕಾಗದಗಳೆಲ್ಲ ಯುದ್ಧ ಮುಗಿದ ಮೇಲೂ ತಿರುಗಿ ಬಂದವು, ತೆಗೆದುಕೊಳ್ಳಲು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. 'ನಿನ್ನ ತಂಗಿ ಅದಾಳ, ನೀ ಬರಿ' ಎಂದಳು. ನಾನು ಬರೆಯಲಿಲ್ಲ. ಇದ್ದೂ ಇಲ್ಲದವಳಿಗೆ ಏನೆಂದು ಬರೆಯುವುದು?

ಈಗ ನಿನ್ನ ಕೆಲಸದ ಮಾತು. ಚೀಟಿ ಬಂದ ದಿನ, ಮಾಡುವುದಿಲ್ಲ ಎಂದು ಸೈದಾಬಿಗೆ ಹೇಳಿಬಿಟ್ಟೆ. ಆಕೆ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತೇ ಇದ್ದಳು. ಮರುದಿನ ನಾನು ಅಂಗಡಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕೈಯ ಖಾರ ಪೂರಾ ಇಳಿಯದೆ ಹಿಟ್ಟು ನಾದಿದರೆ ಗೋದೂನ ನಾಲಿಗೆ ಉರಿಯುತ್ತದಲ್ಲ. ಮೂರನೆಯ ದಿನ ನಾದಿದೆ. ಹನ್ನೆರಡು ಬಳೆ ಕಳಿಸಿದ್ದೇನೆ. ಅವು ಆ ಕೂಸಿಗೆ, ನಿನಗಲ್ಲ.

ಆರು ದಿನಕ್ಕೆ ಮುಗಿಯುತ್ತವೆ. ಇನ್ನೊಮ್ಮೆ ಕಳಿಸುವುದಿಲ್ಲ. ಕದ್ದು ಕಳಿಸಿ, ಕದ್ದು ತಿನ್ನಿಸಿ, ಸಿಕ್ಕಿಬಿದ್ದಾಗ ಹೆಸರು ಮಾತ್ರ ನನ್ನದು, ಅದು ಒಂದು ಸಲಕ್ಕೆ ಸಾಕು. ಬುಟ್ಟಿಯ ತಳದಲ್ಲಿ, ಒದ್ದೆ ಬಟ್ಟೆಯಲ್ಲಿ ಹನ್ನಾಬಾಯಿಯ ಹುಳಿಹಿಟ್ಟಿನ ಒಂದು ತುಂಡು ಇಟ್ಟಿದ್ದೇನೆ. ಆ ತುಂಡಿಗೆ ದಿನಾ ಒಂದು ಮುಷ್ಟಿ ಹಿಟ್ಟು ಉಣಿಸು. ಇಲ್ಲದಿದ್ದರೆ ಸಾಯುತ್ತದೆ. ಗೋದಿಹಿಟ್ಟನ್ನು ಧೋತರದ ಬಟ್ಟೆಯಲ್ಲಿ ಸೋಸು. ಅರ್ಧ ಸೇರು ಹಿಟ್ಟಿಗೆ ಆ ಹುಳಿಹಿಟ್ಟಿನಲ್ಲಿ ಅರ್ಧ, ಎರಡು ತತ್ತಿ, ಚೂರು ಬೆಲ್ಲ, ಉಪ್ಪು, ಹಿಡಿದಷ್ಟು ಹಾಲು. ತೋಳು ಸೋಲುವವರೆಗೆ ನಾದು, ನಿನಗೆ ರೂಢಿಯಿಲ್ಲ, ಸೋಲಲಿ. ಉಬ್ಬಿದ ಮೇಲೆ ಹೊಸೆದು ಬಳೆ ಮಾಡು, ತುದಿಗಳನ್ನು ಒತ್ತಿ ಸೇರಿಸು. ಸರಿಯಾಗಿ ಒತ್ತದಿದ್ದರೆ ಕುದಿಯುವ ನೀರಿನಲ್ಲಿ ಬಿಟ್ಟುಕೊಳ್ಳುತ್ತವೆ. ನೀರಿನಲ್ಲಿ ತೇಲಿದ ಕೂಡಲೇ ತಿರುವಿ ಹಾಕಿ ತೆಗೆ. ಹಂಚಿನ ಮೇಲೆ ಮರಳು ಹರಡಿ, ಅದರ ಮೇಲೆ ತಗಡಿನ ತಾಟಿನಲ್ಲಿಟ್ಟು ಪರಾತ ಮುಚ್ಚಿ ಮೇಲೆ ಕೆಂಡ ಹೇರು. ಮಧ್ಯಾಹ್ನ ಅತ್ತೆ ಮಲಗಿದಾಗ ಬೇಡ. ಎದ್ದಿರುವಾಗಲೇ ಮಾಡು. ಏನೆಂದು ಕೇಳಿದರೆ ಇದ್ದದ್ದು ಹೇಳು. ನಾನು ಹೇಳಿ ಸತ್ತಿಲ್ಲ, ನೀನೂ ಸಾಯುವುದಿಲ್ಲ.

ಇನ್ನೊಂದು ಮಾತು. ತತ್ತಿಯನ್ನು ಸೈದಾಬಿಯ ಕೈಯಲ್ಲಿ ಒಡೆಸಬೇಡ. ಅವಳಿಗೆ ಹೇಳಿದ್ದೇನೆ, ಅವಳು ಒಡೆಯುವುದಿಲ್ಲ. ಹೊಟ್ಟೆ ತೊಳಸಿದರೆ ತೊಳಸಲಿ, ನೀನೇ ಕೈಯಲ್ಲಿ ಹಿಡಿದು ಪಾತ್ರೆಯ ಅಂಚಿಗೆ ಬಡಿ. ಅಂಟು ಬೆರಳಿಗೆ ಹತ್ತಲಿ. ಆಮೇಲೆ ಯಾರು ಕೇಳಿದರೂ, ನನಗೇನೂ ಗೊತ್ತಿರಲಿಲ್ಲ ಎನ್ನಲು ನಿನಗೆ ಬರುವುದಿಲ್ಲ.

ಗೋದೂಗೆ ನೂರು ವರ್ಷ ಆಯುಷ್ಯವಾಗಲಿ, ಅವಳ ಕಾಲು ಗಟ್ಟಿಯಾಗಿರಲಿ. ನಿನ್ನ ಆಶೀರ್ವಾದದ ಸಾಲು ಇನ್ನೂ ಖಾಲಿ ಇದೆ. ನೀನೇ ಕೈಯಾರೆ ಮಾಡಿದ ಬಳೆ ಒಂದು, ಸೊಟ್ಟಗಿದ್ದರೂ ಸರಿ, ಸೀದಿದ್ದರೂ ಸರಿ, ಹಾಡಹಗಲಿನಲ್ಲಿ ಬ್ಯಾಡಗಿಗೆ ಬರಲಿ. ಆಗ ಬರೆಯುತ್ತೇನೆ.

ನಿನ್ನ ಮನೆಯ ಹೊಸ್ತಿಲ ಹೊರಗಿನಿಂದ,
ಮಥುರಾ