ಕತ್ತಲಾಗುವ ಮುಂಚೆ ಸೇರಬೇಕಾದ ಊರುಗಳು

ನವೆಂಬರ್ 3, ಸೋಮವಾರ

ಇವತ್ತೂ ಮ್ಯಾಪ್ ತೆಗೆದುಕೊಂಡು ಕೂತೆ. ಕಚೇರಿಯಲ್ಲಿ ಊಟದ ಹೊತ್ತಿಗೆ ಒಮ್ಮೆ, ಮನೆಗೆ ಬಂದ ಮೇಲೆ ಮತ್ತೊಮ್ಮೆ. ಉಡುಪಿಯ ರೂಮು ಬೇಡ, ಮೊದಲ ದಿನ ಕಾಪುವಿನಲ್ಲೇ ನಿಲ್ಲುವುದು ವಾಸಿ. ಆಗ ಮರವಂತೆ ಮಾರನೇ ದಿನಕ್ಕೆ ಹೋಗುತ್ತದೆ. ಆಮೇಲೆ ಮುರ್ಡೇಶ್ವರ. ಗೋಕರ್ಣ ಬೆಳಕಿರುವಾಗಲೇ ಸೇರಲು ಆಗುತ್ತಾ? ಆಗದಿದ್ದರೆ ಹೊನ್ನಾವರ... ಮತ್ತೆ ಅಳಿಸಿದೆ.

ಆಂಡಾಳ್ ಕಾಫಿ ತಂದಿಟ್ಟು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಇದೇನ್ರೀ, ಎಲ್ಲಾ ದಿನಾನೂ ನಾಲ್ಕು ಗಂಟೆಗೇ ಮುಗಿಸಿಬಿಟ್ಟಿದ್ದೀರಿ? ಸಮುದ್ರಕ್ಕೆ ಹೋಗೋರು ಸೂರ್ಯ ಮುಳುಗೋದು ನೋಡಲ್ವಾ?"

"ರೂಮಿಂದಾನೇ ನೋಡೋಣ. ಸಂಜೆ ಹೈವೇಲಿ ಲಾರಿ ಜಾಸ್ತಿ."

"ಲಾರಿಗೆ ಯಾವತ್ತಿಂದ ಹೆದರೋಕೆ ಶುರು ಮಾಡಿದ್ರಿ?"

ನಗುತ್ತಾ ಒಳಗೆ ಹೋದಳು. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಆಗಸ್ಟಿನಲ್ಲೇ ಹೇಳಿದ್ದರು. ಕಣ್ಣಿನ ಒಳಪರದೆ ಅಂಚಿನಿಂದ ಸವೆಯುತ್ತಾ ಬರುತ್ತಿದೆ, ಇದಕ್ಕೆ ಔಷಧಿ ಇಲ್ಲ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಅಕ್ಕಪಕ್ಕ. ಕೊನೆಗೆ... "ಗಾಡಿ ಓಡಿಸೋದು ಬಿಟ್ಟುಬಿಡಿ" ಅಂದರು. ಹೂಂ ಅಂದೆ. ಹೊರಗೆ ಬಂದವನೇ ಕಾರು ತೆಗೆದು ಅರಸೀಕೆರೆಯವರೆಗೆ ಓಡಿಸಿಕೊಂಡೇ ಬಂದೆ.

ಡಿಸೆಂಬರ್ ರಜೆಯಲ್ಲಿ ಒಂದೇ ಸಲ. ಕರಾವಳಿಯ ಆ ರಸ್ತೆಯಲ್ಲಿ ಕಾರು ಓಡಿಸಿಬಿಡುತ್ತೇನೆ. ಹಗಲಲ್ಲಿ. ಆಮೇಲೆ ಎಲ್ಲರಿಗೂ ಹೇಳಿದರಾಯಿತು.

ನವೆಂಬರ್ 7, ಶುಕ್ರವಾರ

ಇಂದ್ರೇಶ್ ಬಂದಿದ್ದ. ಕೊಬ್ಬರಿ ವ್ಯಾಪಾರ ಡಲ್ಲಂತೆ, ಅದಕ್ಕೇ ಹರಟೆಗೆ ಬಂದ. ಪಿಯುಸಿಯಿಂದ ಜೊತೆಗಿರುವವನು. ಮುಖ ನೋಡಿಯೇ ಏನೋ ಹಿಡಿದುಬಿಡುತ್ತಾನೆ.

"ಏನ್ಲಾ ಲಕ್ಷ್ಮೀಶ, ಸಮುದ್ರ ಏನು ಓಡೋಗುತ್ತಾ? ಇಷ್ಟ್ಯಾಕೆ ಪರದಾಡ್ತೀಯ?"

ಮದುವೆಯಾದ ಹೊಸದರ ಕಥೆ ಹೇಳಿದೆ. ಗೋಕರ್ಣಕ್ಕೆ ಹೋಗಿದ್ದು ರಾತ್ರಿ ಬಸ್ಸಿನಲ್ಲಿ. ಇಬ್ಬರಿಗೂ ನಿದ್ದೆ. ಕಣ್ಣು ಬಿಟ್ಟಾಗ ಊರೇ ಬಂದಿತ್ತು. 'ಅಷ್ಟುದ್ದಕ್ಕೂ ಸಮುದ್ರ ಪಕ್ಕದಲ್ಲೇ ಇತ್ತಂತೆ, ನಾವು ಗೊರಕೆ ಹೊಡೀತಿದ್ವಿ' ಅಂತ ಆಂಡಾಳ್ ಈಗಲೂ ಆಡಿಕೊಳ್ಳುತ್ತಾಳೆ. ಇನ್ನೊಂದು ಸಲ ಹಗಲಲ್ಲಿ, ನಮ್ಮದೇ ಗಾಡಿಯಲ್ಲಿ ಅಂತ ಅವತ್ತು ಮಾತು ಕೊಟ್ಟಿದ್ದೆ. ಮಗಳು ಸ್ಪಂದನಾ ಈಗ ಪಿಯುಸಿ.

ಹೇಳುತ್ತಾ ಹೇಳುತ್ತಾ ಕೈ ತಗುಲಿ ಪಕ್ಕದ ಲೋಟ ಉರುಳಿತು. ಅಲ್ಲಿ ಲೋಟ ಇದ್ದದ್ದೇ ಗೊತ್ತಿಲ್ಲ. ಇಂದ್ರೇಶ್ ಲೋಟ ನೋಡಿದ, ನನ್ನನ್ನು ನೋಡಿದ.

ನವೆಂಬರ್ 12, ಸಂಜೆ

ಏಳರ ಹೊತ್ತಿಗೆ ಕರೆಂಟ್ ಹೋಯಿತು. ಹಾಲಿನ ಮಧ್ಯೆ ನಿಂತುಬಿಟ್ಟೆ. ಸ್ಪಂದನಾ ಪಕ್ಕದಲ್ಲೇ ಸರಸರ ನಡೆದುಹೋದಳು. ಬೀದಿಯಲ್ಲಿ ಹೋಗುವ ಗಾಡಿಗಳ ಬೆಳಕು ಕಿಟಕಿಯಲ್ಲಿ ಇತ್ತಂತೆ. ನನಗೆ ಏನೂ ಇಲ್ಲ. ಮಸಿ.

"ಯಾಕಪ್ಪ ಅಲ್ಲೇ ನಿಂತಿದ್ದೀಯ?"

"ಏನೋ ಯೋಚ್ನೆ ಮಾಡ್ತಿದ್ದೆ ಕಣೇ."

ಪ್ರಯಾಣವನ್ನು ಇನ್ನೂ ಮುಂಚೆ ಇಟ್ಟುಕೊಂಡರೆ? ರಜೆ ಸಿಗಬೇಕಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ.

ನವೆಂಬರ್ 16, ಭಾನುವಾರ

ಇವತ್ತಾದದ್ದನ್ನು ಇವತ್ತೇ ಬರೆದುಬಿಡುತ್ತೇನೆ.

ಬೇಲೂರಿಗೆ ಹೋಗಿದ್ದೆವು, ಆಂಡಾಳ್ ಅಣ್ಣ ಗೋಪಾಲಸ್ವಾಮಿಯವರ ಮನೆಗೆ. ಅತ್ತಿಗೆ ಬಿಡಲಿಲ್ಲ, ಆಂಡಾಳ್ ಅಲ್ಲೇ ಉಳಿದಳು. ಸ್ಪಂದನಾಗೆ ನಾಳೆ ಟೆಸ್ಟು. ನಾವಿಬ್ಬರೇ ಊಟ ಮುಗಿಸಿ ಬೇಗ ಹೊರಟೆವು. ಬಿಸಿಲು ಚೆನ್ನಾಗಿತ್ತು. ಇದೇ ಟ್ರಯಲ್ ಅಂದುಕೊಂಡೆ, ಕರಾವಳಿಗೂ ಇಷ್ಟೇ ತಾನೇ. ಖುಷಿಯಾಗಿಯೇ ಇದ್ದೆ.

ಮಾದಿಹಳ್ಳಿ ಹತ್ತಿರ "ಅಪ್ಪಾ! ಬ್ರೇಕ್! ಬ್ರೇಕ್!" ಅಂತ ಚೀರಿದಳು.

ಒತ್ತಿದೆ. ಎಡಗಡೆ ಏನೋ ತಗುಲಿದ ಸದ್ದು. ಇಳಿದು ನೋಡಿದರೆ ಹಾಲಿನ ಕ್ಯಾನು ಉರುಳಿ ರಸ್ತೆಯೆಲ್ಲ ಬಿಳಿ. ಮೊಪೆಡ್ ಚರಂಡಿಯಲ್ಲಿ. ವಯಸ್ಸಾದವರೊಬ್ಬರು ಹುಲ್ಲಿನ ಮೇಲೆ ಮೊಣಕೈ ಹಿಡಿದು ಕೂತಿದ್ದರು. ತಮ್ಮಯ್ಯ ಅಂತ ಹೆಸರು. ಡೈರಿಗೆ ಹಾಲು ಹಾಕಲು ಹೊರಟವರು.

"ಆಗ್ಲಿಂದ ನಿಮ್ ಪಕ್ಕದಲ್ಲೇ ಬತ್ತಾ ಇವ್ನಿ ಸ್ವಾಮಿ. ಕೈ ಬ್ಯಾರೆ ಎತ್ತಿವ್ನಿ. ಕಣ್ಣಿಗೆ ಬೀಳ್ಲಿಲ್ವಾ ನಾನು?"

ಬಿದ್ದಿರಲಿಲ್ಲ. ಹಾಡಹಗಲು, ಅಷ್ಟು ದೊಡ್ಡ ಮನುಷ್ಯ, ಕೈಯೆತ್ತಿ.

ಹಳೇಬೀಡಿನ ಆಸ್ಪತ್ರೆಗೆ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಮೂಳೆ ಮುರಿದಿಲ್ಲ. ಚರ್ಮ ಕಿತ್ತು ಬಂದಿತ್ತು, ಬ್ಯಾಂಡೇಜ್ ಹಾಕಿದರು. ನಾನು ಕೈ ಮುಗಿದಾಗ "ಬುಡಿ, ಜೀವ ಐತಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಸ್ಪಂದನಾ ಕೇಳಿದಳು.

"ಅಪ್ಪ, ನಿಂಗೆ ಅವರು ನಿಜವಾಗ್ಲೂ ಕಾಣ್ಲಿಲ್ಲ ಅಲ್ವಾ? ಮೊನ್ನೆ ಕರೆಂಟ್ ಹೋದಾಗ್ಲೂ..."

"ಇಲ್ಲ ಕಣಮ್ಮ. ಕಾಣ್ಲಿಲ್ಲ."

ಅವಳು ಅಳಲಿಲ್ಲ. ಕೀ ಕೇಳಿದಳು, ಕೊಟ್ಟೆ. ಕಾರು ಮಾದಿಹಳ್ಳಿಯಲ್ಲೇ ಬಿಟ್ಟು ಬಸ್ಸಿಗೆ ಬಂದೆವು. ಬಸ್ಸಿಳಿದು ಮನೆಯವರೆಗೆ ಅವಳೇ ಕೈ ಹಿಡಿದುಕೊಂಡಿದ್ದಳು. ಆಗ ಪೂರ್ತಿ ಕತ್ತಲಾಗಿತ್ತು.

ನವೆಂಬರ್ 23, ಭಾನುವಾರ

ವಾರದಿಂದ ಬರೆದಿಲ್ಲ.

ಸೋಮವಾರ ಆಂಡಾಳ್ ಬೇಲೂರಿನಿಂದ ಬಂದ ಕೂಡಲೇ ಎಲ್ಲಾ ಹೇಳಿದೆ. ಕಣ್ಣು, ಡಾಕ್ಟರು, ಆಗಸ್ಟು. ಕಾಯಿಲೆಯ ಸುದ್ದಿಗೆ ಕಣ್ಣೀರು ಹಾಕಿದಳು. ತಮ್ಮಯ್ಯನವರ ಸುದ್ದಿಗೆ ಕಣ್ಣೀರು ನಿಂತುಹೋಯಿತು.

"ಡಾಕ್ಟ್ರು ಬೇಡ ಅಂದ ಮೇಲೂ ಓಡಿಸಿದ್ರಾ? ನಂಗೆ ಸಮುದ್ರ ತೋರಿಸೋಕೆ ಮಗೂನ ಪಣಕ್ಕಿಟ್ರಾ?"

"ಹಗಲಲ್ಲಿ ಏನೂ ಆಗಲ್ಲ ಅಂದ್ಕೊಂಡಿದ್ದೆ..."

"ಯಾರನ್ನ ಕೇಳಿ ಅಂದ್ಕೊಂಡ್ರಿ?"

ಅಷ್ಟೇ. ಆಮೇಲೆ ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಮಾತಿಲ್ಲ. ಕಾರನ್ನು ಇಂದ್ರೇಶ್ ಹೋಗಿ ತಂದು ನಿಲ್ಲಿಸಿದ. ರೂಮುಗಳನ್ನೆಲ್ಲ ಕ್ಯಾನ್ಸಲ್ ಮಾಡಿದೆ. ಮೂಡಿಗೆರೆ, ಚಾರ್ಮಾಡಿ, ಕಾಪು, ಮರವಂತೆ ಅಂತ ಜಪ ಮಾಡುತ್ತಿದ್ದ ತಲೆಗೆ ಈಗ ಕೆಲಸವಿಲ್ಲ. ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತೇನೆ. ತುಳಸಿಕಟ್ಟೆಗೆ ಎಡವುತ್ತೇನೆ.

ನವೆಂಬರ್ 27, ಗುರುವಾರ

ಬಸ್ಸಿನಲ್ಲಿ ಮಾದಿಹಳ್ಳಿಗೆ ಹೋದೆವು, ತಮ್ಮಯ್ಯನವರನ್ನು ನೋಡಲು. ಆಂಡಾಳ್ ತಾನಾಗಿಯೇ ಹೊರಟಳು. ಗಾಯ ಒಣಗುತ್ತಿದೆ. ಅವರ ಹೆಂಡತಿ ಕೂರಿಸಿ ಮಜ್ಜಿಗೆ ಕೊಟ್ಟರು. ನನ್ನ ಕಣ್ಣಿನ ವಿಷಯ ನಾನೇ ಹೇಳಿದೆ. ತಮ್ಮಯ್ಯ ಆಂಡಾಳ್ ಕಡೆ ತಿರುಗಿ, "ನೀವ್ ಕಲೀರವ್ವ. ಯಾರಾದ್ರೂ ಒಬ್ರು ಓಡಿಸ್ಲೇಬೇಕಲ್ಲ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಆಂಡಾಳ್ ಡ್ರೈವರನ ಕೈಯನ್ನೇ ನೋಡುತ್ತಾ ಕೂತಿದ್ದಳು.

ಡಿಸೆಂಬರ್ 8, ಸೋಮವಾರ

ಆಂಡಾಳ್ ಡ್ರೈವಿಂಗ್ ಸ್ಕೂಲಿಗೆ ಸೇರಿ ಒಂದು ವಾರವಾಯಿತು. ಅವಳ ಬಳಿ ಹಳೇ ಲೈಸೆನ್ಸ್ ಇತ್ತು, ಸ್ಟಿಯರಿಂಗ್ ಮುಟ್ಟಿದ್ದು ಮಾತ್ರ ಅವತ್ತು ಟೆಸ್ಟಿಗೆ. ಈಗ ಬೆಳಿಗ್ಗೆ ಅಲ್ಲಿ, ಸಂಜೆ ನಮ್ಮ ಕಾರಿನಲ್ಲಿ ಗಂಡಸಿ ರಸ್ತೆ. ಪಕ್ಕದಲ್ಲಿ ನಾನು. ಇಲ್ಲದ ಬ್ರೇಕನ್ನು ತುಳಿಯುತ್ತೇನೆ.

"ಗೇರ್! ಗೇರ್ ಇಳಿಸು! ಮುಂದೆ ಟ್ರ್ಯಾಕ್ಟರ್—"

ಕಾರು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು.

"ಹಿಂದೆ ಕೂತ್ಕೊಳ್ರೀ. ಸ್ಪಂದನಾ ಮುಂದೆ ಬರ್ಲಿ."

ಹಿಂದೆ ಕೂತೆ. ಜೀವನದಲ್ಲಿ ಮೊದಲ ಸಲ ನನ್ನದೇ ಕಾರಿನ ಹಿಂದಿನ ಸೀಟು. ಕೋಪ ಬಂತು. ಕೋಪ ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಡಿಸೆಂಬರ್ 19, ಶುಕ್ರವಾರ

ಕಚೇರಿಯಿಂದ ಬಂದಾಗ ಮ್ಯಾಪ್ ಮುಂದೆ ಆಂಡಾಳ್ ಕೂತಿದ್ದಳು.

"ರಜಾ ಹಾಕಿದ್ದು ಹಾಗೇ ಇದೆ ತಾನೇ? ಹೋಗೋಣ. ಘಾಟಿ ಮಾತ್ರ ನನ್ನ ಕೈಲಾಗಲ್ಲ. ಇಂದ್ರೇಶಣ್ಣ ಉಜಿರೆ ತನಕ ಬಿಟ್ಟು ಬಸ್ಸಲ್ಲಿ ವಾಪಸ್ ಬರ್ತೀನಿ ಅಂದಿದ್ದಾರೆ. ಅಲ್ಲಿಂದ ಮುಂದೆ ನಾನು."

"ಎಲ್ಲೆಲ್ಲಿ ನಿಲ್ಲೋದು? ರೂಮು?"

"ನನಗೆ ಸುಸ್ತಾದ ಕಡೆ ನಿಲ್ಲೋದು."

ಅದು ಪ್ಲಾನೇ ಅಲ್ಲ ಅಂದೆ. ಮ್ಯಾಪ್ ಮುಚ್ಚಿ ಸಾರಿಗೆ ಒಗ್ಗರಣೆ ಹಾಕಲು ಎದ್ದಳು. ಎಷ್ಟು ದಿನದ ಮೇಲೆ ಮಾತಿಗೆ ಮಾತು.

ಡಿಸೆಂಬರ್ 25, ಮಧ್ಯಾಹ್ನ, ಕಾರ್ಕಳ

ಹೋಟೆಲಿನಲ್ಲಿ ಊಟಕ್ಕೆ ಕಾಯುತ್ತಾ. ಇಂದ್ರೇಶ್ ಚಾರ್ಮಾಡಿ ಇಳಿಸಿ ಉಜಿರೆಯಲ್ಲಿ ಕೀ ಕೊಟ್ಟ. ಆಂಡಾಳ್‌ಗೆ "ಹುಷಾರಮ್ಮ" ಅಂದ. ನನಗೆ "ಬಾಯಿ ಮುಚ್ಕೊಂಡು ಕೂತ್ಕೊ ಕಣೋ" ಅಂದ. ಬೆನ್ನ ಮೇಲೊಂದು ಗುದ್ದು ಕೊಟ್ಟು ಬಸ್ಸು ಹತ್ತಿದ. ಅವನ ಕಣ್ಣು ಒದ್ದೆ ಇತ್ತು.

ಆಂಡಾಳ್ ನಿಧಾನ. ತುಂಬಾ ನಿಧಾನ. ಆಟೋಗಳೆಲ್ಲ ಹಾರನ್ ಹೊಡೆದು ಮುಂದೆ ಹೋಗುತ್ತಿವೆ. ಈ ಲೆಕ್ಕದಲ್ಲಿ ಮರವಂತೆ ಇವತ್ತು ಇಲ್ಲವೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದೇನೆ.

ಅದೇ ದಿನ, ಸಂಜೆ

ಪಡುಬಿದ್ರಿ ದಾಟಿದ ಮೇಲೆ ಯಾವುದೋ ಸಣ್ಣ ರಸ್ತೆಗೆ ತಿರುಗಿಸಿದಳು. ಹೆಸರು ಗೊತ್ತಿಲ್ಲ, ಬೋರ್ಡಿಲ್ಲ. ತೋಳು ನೋಯುತ್ತಿದೆ ಅಂತ ಎಂಜಿನ್ ಆಫ್ ಮಾಡಿದಳು. ಎದುರಿಗೇ ಸಮುದ್ರ. ಸ್ಪಂದನಾ ಚಪ್ಪಲಿ ಬಿಟ್ಟು ಓಡಿದಳು.

ನೋಡಿದೆ. ಒಟ್ಟಿಗೆ ಕಾಣುವುದಿಲ್ಲ. ತಲೆ ತಿರುಗಿಸಿ ತಿರುಗಿಸಿ ತುಂಡು ತುಂಡಾಗಿ ನೋಡಿದೆ. ಒಂದು ದೋಣಿ. ಬಿಟ್ಟರೆ ನೀರು. ಇನ್ನೊಂದು ಕಡೆ ಮಗಳು, ಮಂಡಿಯವರೆಗೆ ಅಲೆ. ಸೂರ್ಯ ಕೆಳಗಿಳಿಯುತ್ತಿದ್ದ.

"ಹೊರಡೋಣ. ಕತ್ತಲಾಗುತ್ತೆ" ಅಂದೆ.

ಆಂಡಾಳ್ ಸೀಟು ಹಿಂದಕ್ಕೆ ಸರಿಸಿ ಕಾಲು ಚಾಚಿದಳು.

"ಆಗ್ಲಿ ಬಿಡಿ. ಓಡಿಸೋಳು ನಾನು. ನಂಗೆ ಕತ್ತಲಲ್ಲಿ ಕಾಣುತ್ತೆ."

ಇವಳಿಗೆ ಕಾಣುತ್ತದೆ. ಇಷ್ಟು ದಿನ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಈಗ ಸೂರ್ಯ ನೀರಿಗೆ ತಗುಲಿದ್ದಾನೆ. ಅವರಿಬ್ಬರೂ ಕೆಳಗೆ, ನೀರಿನ ಹತ್ತಿರ. ನಾನು ಬಾಗಿಲು ತೆರೆದುಕೊಂಡು ಬರೆಯುತ್ತಿದ್ದೇನೆ. ಮೇಲೆ ಬರೆದ ಸಾಲು ಆಗಲೇ ಮಸುಕು. ಸಾಲಿನ ಮೇಲೆ ಸಾಲು ಹತ್ತುತ್ತಿದೆಯೋ ಏನೋ. ಆಂಡಾಳ್ ಕೂಗುತ್ತಿದ್ದಾಳೆ— "ಬನ್ರೀ, ಮರಳು ಮೆತ್ತಗಿದೆ, ನಾನು ಕೈ ಹಿಡ್ಕೋತೀನಿ." ಬರುತ್ತಿದ್ದಾಳೆ, ಹೆಜ್ಜೆ ಕೇಳುತ್ತಿದೆ. ಇದೊಂದು ಸಾಲು ಮುಗಿಸಿ—