ಕೇಳುಮನೆಯಲ್ಲಿ ಮಗಳು

ತಂಪುಕೇರಿ, ವಿಜಯಪುರ
ಹದಿಮೂರನೆಯ ತಿಂಗಳು, ೨೩೪೧

ಹಿಂದಿನ ಕಾಲದ ತಾಯಂದಿರೇ,

ಬೇಸಿಗೆ ಬೆಳೆದು ಬೆಳೆದು ನಮ್ಮ ಪಂಚಾಂಗಕ್ಕೆ ಇನ್ನೊಂದು ತಿಂಗಳು ಸೇರಿದೆ. ಮಾತೂ ಬದಲಾಗಿದೆ. ನನ್ನ ಪದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಬಿಸಿಲಿಗೆ ಅಂಜಿ ನೆಲದ ಕೆಳಗೆ, ಬಾವಡಿಗಳೆಂಬ ಹಳೆಯ ಮೆಟ್ಟಿಲುಬಾವಿಗಳ ಸುತ್ತ ಮನೆ ಕೊರೆದುಕೊಂಡಿದ್ದೇವೆ. ಅದೇ ತಂಪುಕೇರಿ. ಬೆಳಕು ಮೇಲಿನಿಂದ ಸೋಸಿ ಬಂದು ನೀರಿನ ಮೇಲೆ ಬೀಳುತ್ತದೆ, ಗೋಡೆಗಳೆಲ್ಲ ತೇಲುತ್ತಿರುವಂತೆ ಕಾಣುತ್ತವೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಪ್ರತಿ ಕೇರಿಗೂ ಒಂದು ಕೇಳುಮನೆ ಇದೆ. ಬಸುರು ಇಟ್ಟುಕೊಳ್ಳಲೋ ತೆಗೆಸಲೋ ಎಂದು ತಿಳಿಯದ ಹೆಣ್ಣು ಅಲ್ಲಿ ಕೂತು ತನಗೆ ಬೇಕಾದವರನ್ನು ಕರೆಸುತ್ತಾಳೆ. ಬಂದವರು ಸ್ವಾಮಿಗಳಿರಲಿ, ಮೌಲ್ವಿ ಇರಲಿ, ವಕೀಲರಿರಲಿ, ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು.

ಇವತ್ತು ಬೆಳಿಗ್ಗೆ ಅಲ್ಲಿ ಕೂತವಳು ನನ್ನ ಮಗಳು ನೀಲಾಂಬಿಕಾ. ಅವಳ ಹೃದಯ ಹುಟ್ಟಿನಿಂದಲೇ ದುರ್ಬಲ. ಹೆರಿಗೆಯಲ್ಲಿ ಉಳಿಯಬಹುದು, ಉಳಿಯದೆಯೂ ಹೋಗಬಹುದು. ತೆಗೆಸುವುದೇ ಒಳ್ಳೆಯದು ಎನ್ನುತ್ತಾರೆ ಡಾಕ್ಟರ್ ಜುಲೇಖಾ. ಗರ್ಭದೊಳಗಿನ ಉಸಿರೂ ಶಿವನದೇ ಎನ್ನುತ್ತಾರೆ ನಮ್ಮ ಮಠದ ಸ್ವಾಮಿಗಳಾದ ಅಜ್ಜನವರು. ನಾನೂ ಅದನ್ನೇ ನಂಬಿ ಬೆಳೆದವಳು.

ಅವಳು ಅಜ್ಜನವರನ್ನು ಕೇಳಿದಳು: "ನಾ ಬ್ಯಾಡ ಅಂದ್ರ, ಆಮ್ಯಾಲ ನಾ ಬಡಿದ ರೊಟ್ಟಿ ಉಣ್ತೀರೇನ್ರಿ?"

ಅವರೆಂದರು: "ಉಣ್ತೀನವ್ವಾ. ಅಳಕೋತ ಉಣ್ತೀನಿ."

"ಡಾಕ್ಟರ್ ಬಾಯಿ, ನಾ ಇಟ್ಕೋತೀನಿ ಅಂದ್ರ ನಿಮಗ ಸಿಟ್ಟು ಬರ್ತೇತೇನ್ರಿ?"

"ಬರ್ತೇತಿ. ಆದ್ರ ನಿನ್ನ ಹಾಸಿಗಿ ಬಿಟ್ಟು ಏಳೂದಿಲ್ಲ."

ನಾನು ಹೊಸ್ತಿಲಲ್ಲಿ ಮಾತು ಜೋಡಿಸಿಕೊಂಡು ಕೂತಿದ್ದೆ. ನನ್ನದು ಸುಮ್ಮನಿರುವ ಬಾಯಲ್ಲ. ಮೊಮ್ಮಗು ಬೇಕೆನ್ನುವ ಆಸೆ ನಾಲಿಗೆಯ ತುದಿಯಲ್ಲಿತ್ತು, ಮಗಳು ಹೋದರೆ ಎನ್ನುವ ಭಯವೂ ಅಲ್ಲೇ ಇತ್ತು. ಅವಳು ನನ್ನ ಕಡೆ ತಿರುಗಿ, "ಅವ್ವಾ, ನಿನಗ ಹೆದರಿಕಿ ಆಗೇತೇನು?" ಎಂದು ಮಾತ್ರ ಕೇಳಿದಳು. ಹೌದು ಎಂದೆ. "ನನಗೂ" ಎಂದಳು. ಮತ್ತೇನೂ ಕೇಳಲಿಲ್ಲ.

ಸಂಜೆ ನಿರ್ಧಾರ ಹೇಳುತ್ತಾಳೆ. ಈಗ ಮಧ್ಯಾಹ್ನ, ಕೇರಿಯೆಲ್ಲ ಮಲಗುವ ಹೊತ್ತು. ಕಣ್ಣು ಮುಚ್ಚಿದರೆ ಯಾವುದೋ ಮಗು ಬಾವಡಿಯ ಮೆಟ್ಟಿಲಿಳಿಯುತ್ತದೆ, ಮುಖ ಕಾಣುವುದಿಲ್ಲ. ನೀಲಾ ನನ್ನ ಪಕ್ಕದಲ್ಲೇ ನಿದ್ದೆಹೋಗಿದ್ದಾಳೆ, ಕೈ ಹೊಟ್ಟೆಯ ಮೇಲಿದೆ. ಎಬ್ಬಿಸಿ ಹೀಗೆ ಮಾಡು ಎಂದು ಬೇಡಿಕೊಂಡರೆ ನನ್ನ ಮಾತು ಮೀರಲಾರಳು, ನನಗೆ ಗೊತ್ತು. ಅದಕ್ಕೇ ನಿಮಗೆ ಬರೆಯುತ್ತ ಕೂತಿದ್ದೇನೆ. ನಿಮ್ಮ ಉತ್ತರ ನನ್ನನ್ನು ಮುಟ್ಟುವುದಿಲ್ಲ. ಆದರೂ ಬಿಸಿಲು ಇಳಿಯುವವರೆಗೆ ನನ್ನ ಜೊತೆ ಇರಿ. ನಾನು ಅವಳನ್ನು ಎಬ್ಬಿಸದಂತೆ ನೋಡಿಕೊಳ್ಳಿ.

ನಿಮ್ಮ
ಮಹಾನಂದಾ